ಬ್ಯಾಗ್ ಸೋರುತ್ತಿದೆಯಾ? ಮೊದಲು ತೂಕ ನೋಡಿ

"ಈಗಿನ ಬ್ಯಾಗ್ ಗಟ್ಟಿ ಹಿಡಿಯಂಗಿಲ್ರಿ ಸಿಸ್ಟರ್. ಮೊದಲಿನಂಥ ಮಾಲ್ ಬರವಲ್ದು."

ಮಾನ್ವಿ ಕಡೆಯ ಹಿರಿಯರೊಬ್ಬರು ರಾಯಚೂರಿಗೆ ಬಂದು ನನ್ನ ಮುಂದೆ ಹೀಗಂದರು. ವಯಸ್ಸು 70 ದಾಟಿದೆ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎರಡು ವರ್ಷ. ಹೊಟ್ಟೆಯ ಎಡಭಾಗದಲ್ಲಿ ಸ್ಟೋಮಾ ಇದೆ. ಅಂದರೆ ಮಲ ಹೊರಗೆ ಬರಲಿ ಅಂತ ಕರುಳಿನ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ತಂದು ಹೊಲಿದಿರುವ ದಾರಿ. ಮಲ ತುಂಬಿಕೊಳ್ಳಲು ಅದರ ಮೇಲೆ ಅಂಟಿಸುವ ಬ್ಯಾಗ್ ಮೊದಲು ಮೂರು ನಾಲ್ಕು ದಿನ ಬರುತ್ತಿತ್ತು, ಈಗ ದಿನಾ ಸೋರುತ್ತಿತ್ತು.

ಮಂಚದ ಮೇಲೆ ಮಲಗಿಸಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. "ಊಟಕ್ಕೆ ಹೇಗೆ ಕೂರ್ತೀರೋ ಹಾಗೆ ಕೂತು ತೋರಿಸಿ" ಅಂದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಸ್ಟೋಮಾದ ಕೆಳಗೆ ಬೆರಳು ಮುಚ್ಚುವಷ್ಟು ಆಳದ ಮಡಿಕೆ ಬಿತ್ತು. ಬ್ಯಾಗನ್ನು ಚರ್ಮಕ್ಕೆ ಹಿಡಿದಿಡುವ ಅಂಟಿನ ಬಿಲ್ಲೆ, ಅಂದರೆ ಫ್ಲ್ಯಾಂಜಿನ ಅಂಚು ಅಲ್ಲಿ ಎದ್ದು ನಿಂತಿತು. ತೂಕ ಮಾಡಿದರೆ ಕೀಮೋ ಮುಗಿದಾಗ ಇದ್ದದ್ದಕ್ಕಿಂತ 9 ಕೆಜಿ ಜಾಸ್ತಿ!

ಸ್ಟೋಮಾದ ಜಾಗ ಗುರುತು ಮಾಡುವುದು ಆಪರೇಷನ್‌ಗೆ ಮೊದಲು. ಮಲಗಿಸಿ, ಕೂರಿಸಿ, ನಿಲ್ಲಿಸಿ ನೋಡುತ್ತೇವೆ. ಆದರೆ ಆ ಹೊತ್ತಿಗೆ ಎಷ್ಟೋ ಜನ ಕಾಯಿಲೆಯಿಂದ ಸೊರಗಿರುತ್ತಾರೆ. ಆಮೇಲೆ ಬಾಯಿಗೆ ರುಚಿ ಬರುತ್ತದೆ, ಮನೆಯವರು ಪ್ರೀತಿಯಿಂದ ತುಪ್ಪ ಬಡಿಸುತ್ತಾರೆ. ಹೊಟ್ಟೆ ಬಂದ ಮೇಲೆ ಸ್ಟೋಮಾ ಒಳಕ್ಕೆ ಸರಿದಂತಾಗುತ್ತದೆ, ಬಗ್ಗಿ ನೋಡಿದರೂ ಕಾಣುವುದಿಲ್ಲ. ಕಣ್ಣು ಮಂಜಾದವರು, ಕೈ ನಡುಗುವವರು ಏನು ಮಾಡಬೇಕು ಹೇಳಿ? ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ತೂಕ ಇಳಿದರೂ ಸೋರುತ್ತದೆ. ಚರ್ಮ ಸಡಿಲಾಗಿ ಸುಕ್ಕು ಬೀಳುತ್ತದೆ, ಆ ಸುಕ್ಕೇ ಕಾಲುವೆಯಾಗುತ್ತದೆ. ಒಬ್ಬ ಅಜ್ಜಿ ಮೊಮ್ಮಗಳ ಮದುವೆಯಲ್ಲಿ ಬ್ಯಾಗ್ ತುಂಬಿ ವಾಸನೆ ಬಂದೀತು ಅಂತ ಹೆದರಿ ರಾತ್ರಿ ರೊಟ್ಟಿ ಬಿಟ್ಟಿದ್ದರು. ಮದುವೆ ಮುಗಿದು ತಿಂಗಳುಗಳಾದರೂ ಮತ್ತೆ ಶುರು ಮಾಡಿರಲಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಗ್ಯಾಸ್ ಜಾಸ್ತಿಯಾಗುತ್ತದೆ, ಮೈ ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಉಣ್ಣಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಊಟ ಬಿಡದೆಯೂ ತೂಕ ಇಳಿಯುತ್ತಿದ್ದರೆ, ಅಂದರೆ 60 ಕೆಜಿ ಇದ್ದವರು ಆರು ತಿಂಗಳಲ್ಲಿ 3 ಕೆಜಿ ಕಳೆದುಕೊಂಡರೆ, ಕ್ಯಾನ್ಸರ್ ಡಾಕ್ಟರಿಗೆ ತೋರಿಸಲೇಬೇಕು. ಕಾಯಿಲೆ ಮರಳಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಸಣ್ಣ ಕರುಳಿನ ಸ್ಟೋಮಾ, ಅಂದರೆ ಇಲಿಯಾಸ್ಟಮಿ ಇದ್ದವರಿಗೆ ನಮ್ಮ ಏಪ್ರಿಲ್, ಮೇ ಬಹಳ ಕಷ್ಟ. ಬಿಸಿಲು 40 ಡಿಗ್ರಿ ದಾಟಿದಾಗ ಬೆವರಿನಲ್ಲೂ ಬ್ಯಾಗಿನಲ್ಲೂ ನೀರು, ಉಪ್ಪು ಹೋಗುತ್ತವೆ. ಎರಡೇ ದಿನದಲ್ಲಿ 2 ಕೆಜಿ ಇಳಿದರೆ ಅದು ಹೆಚ್ಚಾಗಿ ಮೈಯ ನೀರು. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕು. ಹೃದಯ, ಕಿಡ್ನಿ ತೊಂದರೆ ಇದ್ದರೆ ಎಷ್ಟು ಅಂತ ಡಾಕ್ಟರನ್ನು ಕೇಳಿ. ತಲೆ ಸುತ್ತಿ ಮೂತ್ರ ಕಮ್ಮಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಮನೆಯಲ್ಲಿ ಯಂತ್ರ ಇಲ್ಲದಿದ್ದರೆ ಊರಿನ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ನಾಲ್ಕೈದು ಕೆಜಿ ಹೆಚ್ಚುಕಮ್ಮಿ ಆದರೆ ಸ್ಟೋಮಾ ಮತ್ತೆ ಅಳೆಸಿ. ಫ್ಲ್ಯಾಂಜಿನ ತೂತು ಸ್ಟೋಮಾಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಸುತ್ತಲಿನ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಲೇಬೇಡಿ, ಅಂಟೇ ಹಿಡಿಯುವುದಿಲ್ಲ. ಕೆಮ್ಮಿದಾಗ ಸ್ಟೋಮಾದ ಸುತ್ತ ಉಬ್ಬಿದರೆ ಅದು ಹರ್ನಿಯಾ ಇರಬಹುದು. ಬೆಲ್ಟನ್ನು ನೀವೇ ತಂದು ಬಿಗಿಯಬೇಡಿ, ಮೊದಲು ತೋರಿಸಿ.

ಮಾನ್ವಿಯ ಹಿರಿಯರಿಗೆ ಮಧ್ಯ ಉಬ್ಬಿರುವ ಕಾನ್ವೆಕ್ಸ್ ಫ್ಲ್ಯಾಂಜ್ ಹಾಕಿ, ಮಡಿಕೆಗೆ ಸೀಲ್ ರಿಂಗ್ ತುಂಬಿದೆ. ಲುಂಗಿಯ ಗಂಟು ಸ್ಟೋಮಾದ ಮೇಲೇ ಬರುತ್ತಿತ್ತು, ಅದನ್ನೂ ಪಕ್ಕಕ್ಕೆ ಸರಿಸಿದೆ. ವಾರದ ಮೇಲೆ ಫೋನ್ ಮಾಡಿದರು, "ಮೂರು ದಿನ ಆತ್ರಿ, ಇನ್ನಾ ಗಟ್ಟಿ ಐತಿ."

ಇನ್ನೊಂದು ಮಾತು. ನಮ್ಮ ಹತ್ತಿರ ಬರುವಾಗ ಸೋರಿದ ಫ್ಲ್ಯಾಂಜನ್ನು ಎಸೆಯದೆ ಕವರಿನಲ್ಲಿ ಕಟ್ಟಿಕೊಂಡು ಬನ್ನಿ. ನಾಚಿಕೆ ಬೇಡ. ಅದರ ಹಿಂಬದಿಯ ಅಂಟು ಯಾವ ಕಡೆ ಕರಗಿದೆ ಅಂತ ನೋಡಿದರೆ ಮಡಿಕೆ ಎಲ್ಲಿದೆ ಅನ್ನುವುದು ನಮಗೆ ಗೊತ್ತಾಗುತ್ತದೆ.