ವಿಜಯಪುರದ ಬಿಸಿಲಲ್ಲಿ ಎಂಟು ಕೋರ್

ವಿಜಯಪುರದಲ್ಲಿರುವ ನನ್ನ ಅಳಿಯ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾನೆ. ಮೊನ್ನೆ ಫೋನ್ ಮಾಡಿ, "ಮಾಮಾ, ಲ್ಯಾಪ್‌ಟಾಪ್ ಈಗ ತಗೊಳ್ಳೋದೋ, ಇನ್ನೂ ಜಾಸ್ತಿ ಕೋರ್ ಇರೋವು ಬರೂತನಕ ತಡಿಯೋದೋ?" ಅಂದ. "ಬಂದ ಬಿಟ್ಟಾವಲ್ಲೋ ತಮ್ಮಾ" ಅಂದೆ.

ಕೋರ್ ಅಂದರೆ ಚಿಪ್ ಒಳಗೆ ಲೆಕ್ಕ ಮಾಡುವ ಭಾಗ. ಮೊದಲು ಅದು ಒಂದೇ ಇರುತ್ತಿತ್ತು, ಅದನ್ನೇ ವರ್ಷದಿಂದ ವರ್ಷಕ್ಕೆ ಜೋರಾಗಿ ಓಡಿಸುತ್ತಿದ್ದರು. 2004ರಲ್ಲಿ ಇಂಟೆಲ್‌ನ ಪೆಂಟಿಯಂ 4 ಚಿಪ್ 3.8 ಗಿಗಾಹರ್ಟ್ಸ್ ವೇಗ ಮುಟ್ಟಿತು. 4 ಗಿಗಾಹರ್ಟ್ಸ್ ತರುತ್ತೇವೆ ಅಂದಿದ್ದ ಕಂಪನಿ ಅದೇ ವರ್ಷ ಆ ಆಸೆ ಬಿಟ್ಟಿತು. ಚಿಪ್ ಅಷ್ಟು ಬಿಸಿಯಾಗುತ್ತಿತ್ತು. ವೇಗ ಏರಿಸಬೇಕಂದರೆ ವೋಲ್ಟೇಜೂ ಏರಿಸಬೇಕು, ವೋಲ್ಟೇಜ್ ಎರಡು ಪಟ್ಟಾದರೆ ವಿದ್ಯುತ್ ಖರ್ಚು ನಾಲ್ಕು ಪಟ್ಟು, ಅದರ ಮೇಲೆ ವೇಗದ ಖರ್ಚು ಬೇರೆ. ಇದನ್ನೇ ತಿರುಗಿಸಿ ನೋಡಿ. ವೇಗ, ವೋಲ್ಟೇಜ್ ಎರಡನ್ನೂ ನೂರಕ್ಕೆ 20ರಷ್ಟು ಇಳಿಸಿದರೆ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಹಾಗಾದರೆ ಅದೇ ಖರ್ಚಿನಲ್ಲಿ, ಸ್ವಲ್ಪ ನಿಧಾನ ಓಡುವ ಎರಡು ಕೋರ್ ಇಡಬಹುದು, ಕೆಲಸ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಒಳ್ಳೇ ವ್ಯಾಪಾರ ಅಲ್ವಾ?

2006ರ ಜನವರಿಯಲ್ಲಿ ಇಂಟೆಲ್ ಕೋರ್ ಡ್ಯುಯೊ ಬಂತು, ಲ್ಯಾಪ್‌ಟಾಪಿಗೆ ಎರಡು ಕೋರ್. 2008ರಲ್ಲಿ ನಾಲ್ಕು ಬಂದವು, ಆದರೆ ದಪ್ಪ ದಪ್ಪ ಲ್ಯಾಪ್‌ಟಾಪಿಗೆ ಮಾತ್ರ. ಇಂಟೆಲ್‌ನ ತೆಳು ಲ್ಯಾಪ್‌ಟಾಪ್ ಚಿಪ್ಪುಗಳು 2017ರವರೆಗೆ ಎರಡರಲ್ಲೇ ಕೂತಿದ್ದವು. 2020ರಲ್ಲಿ ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿ ತೆಳು ಲ್ಯಾಪ್‌ಟಾಪಿನ 15 ವ್ಯಾಟ್ ಚಿಪ್ಪಿನಲ್ಲೇ ಎಂಟು ಕೋರ್ ಕೂರಿಸಿತು, ಆಮೇಲೆ ಓಟ ಜೋರಾಯಿತು. 2023ರಲ್ಲಿ ಇಂಟೆಲ್ 24 ಕೋರ್ ತಂದಿತು: ಎಂಟು ದೊಡ್ಡವು, ಹದಿನಾರು ಸಣ್ಣವು. ಸಣ್ಣವು ನಿಧಾನ, ಆದರೆ ಜಾಗವೂ ಕಡಿಮೆ, ಕರೆಂಟೂ ಕಡಿಮೆ. ಮಜಾ ಅಂದರೆ 2024ರಲ್ಲಿ ಅದೇ ಇಂಟೆಲ್ ತೆಳು ಲ್ಯಾಪ್‌ಟಾಪಿಗಂತ ಮಾಡಿದ ಲೂನಾರ್ ಲೇಕ್ ಚಿಪ್ಪಿನಲ್ಲಿ ಕೋರ್ ಎಂಟೇ.

ಯಾಕೆ ಹಿಂದೆ ಬಂದರು? ನಮ್ಮ ಕಡೆ ಮದುವೆಮನೆಯ ರೊಟ್ಟಿ ನೆನಪಿಸಿಕೊಳ್ಳಿ. ಜೋಳ ಬೀಸಿಸಿಕೊಂಡು ಬರಲು ಗಿರಣಿಯಲ್ಲಿ ಅರ್ಧ ಗಂಟೆ ಅನ್ನಿ, ಒಬ್ಬಳೇ ಕೂತು ಬಡಿದರೆ ನಾಲ್ಕು ಗಂಟೆ. ಓಣಿಯ ಎಂಟು ಹೆಂಗಸರು ಕೂತರೆ ಬಡಿಯೋದು ಅರ್ಧ ಗಂಟೆಗೆ ಮುಗಿಯುತ್ತದೆ, ಒಟ್ಟು ಒಂದು ಗಂಟೆ. ಹದಿನಾರು ಜನ ಬಂದರೆ? ಮುಕ್ಕಾಲು ಗಂಟೆ. ಜನ ಎರಡು ಪಟ್ಟಾದರೂ ಉಳಿದದ್ದು ಕಾಲು ಗಂಟೆ. ಇಡೀ ಊರೇ ಬಂದು ಕೂತರೂ ಅರ್ಧ ಗಂಟೆಯೊಳಗೆ ಒಂದು ರೊಟ್ಟಿಯೂ ಬೇಯುವುದಿಲ್ಲ, ಗಿರಣಿಯಿಂದ ಹಿಟ್ಟು ಬರಬೇಕಲ್ಲ! ಕಂಪ್ಯೂಟರಿನಲ್ಲೂ ಹೀಗೇ ಎಂದು ಕಂಪ್ಯೂಟರ್ ಎಂಜಿನಿಯರ್ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದರು. ಟೈಪ್ ಮಾಡೋದು, ಬಿಲ್ ಬರೆಯೋದು, ಇವೆಲ್ಲ ಹೆಚ್ಚಾಗಿ ಹಂಚಿಕೊಳ್ಳಲಾಗದ ಗಿರಣಿ ಕೆಲಸ, ಅಲ್ಲಿ ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದೇ ಮುಖ್ಯ. ಅಳಿಯನದು ಮಾತ್ರ ಬಡಿಯೋ ಕೆಲಸ. ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ಫೈಲ್ ಮಾಡಿ ತೆಗೆಯುವಾಗ, ತುಂಡು ತುಂಡಾಗಿ ಹಂಚಿ ಕೊಡಬಹುದು, ಕೋರ್ ಜಾಸ್ತಿ ಇದ್ದಷ್ಟೂ ಲಾಭ.

ಆದರೆ ಅವನಿರೋದು ವಿಜಯಪುರದಲ್ಲಿ. ಚಿಪ್ಪಿನ ಶಾಖ ಸುಮಾರು 100 ಡಿಗ್ರಿ ಮುಟ್ಟಿದರೆ ಅದು ತಾನಾಗೇ ವೇಗ ಇಳಿಸಿಕೊಳ್ಳುತ್ತದೆ. ಶಾಖ ಹೊರಗೆ ಹೋಗೋದು ಚಿಪ್ಪಿಗೂ ಸುತ್ತಲಿನ ಗಾಳಿಗೂ ಇರುವ ವ್ಯತ್ಯಾಸದ ಮೇಲೆ. ಮಳೆಗಾಲದ ನಮ್ಮ ಬೆಳಗಾವಿಯಲ್ಲಿ, ಕೋಣೆ 25 ಡಿಗ್ರಿ ಇದ್ದರೆ, ವ್ಯತ್ಯಾಸ 75. ಮೇ ತಿಂಗಳ ವಿಜಯಪುರದಲ್ಲಿ ಕೋಣೆ 42 ಇದ್ದರೆ ಬರೀ 58. ಅಂದರೆ ಅದೇ ಫ್ಯಾನು, ಅದೇ ಲ್ಯಾಪ್‌ಟಾಪು, ಹೊರಹಾಕುವ ಶಾಖ ಮಾತ್ರ ಹತ್ತಿರತ್ತಿರ ಕಾಲು ಭಾಗ ಕಡಿಮೆ. ತೆಳ್ಳಗಿನ ಮೈಯಲ್ಲಿ 24 ಕೋರ್ ತುಂಬಿದರೆ ಅವು ಐದು ನಿಮಿಷ ಹಾರಾಡಿ ಆಮೇಲೆ ಏದುಸಿರು ಬಿಡುತ್ತವೆ, ಅಷ್ಟು ದುಡ್ಡು ಸುಮ್ನೆ.

ಇದನ್ನೆಲ್ಲ ಹೇಳಿದರೆ, "ಹಂಗಾದ್ರ ಸೀಜನ್‌ದಾಗ ನಿಮ್ಮನಿಗೇ ಬಂದ ಕೂಡ್ರತೀನಿ ಮಾಮಾ" ಅಂದ. ಬಾ, ಆದರೆ ಈಗಲೇ ಕೊಂಡುಬಿಡು, ಎಂಟು ಕೋರ್ ಸಾಕು, ಸ್ವಲ್ಪ ದಪ್ಪ ಇದ್ದರೂ ಫ್ಯಾನ್ ಎರಡಿರಲಿ ಅಂದೆ. ಅದಕ್ಕಿಂತ ಮೊದಲು ಗೆಳೆಯರ ಹತ್ತಿರ ಅದೇ ಮಾಡೆಲ್ ಇದ್ದರೆ ಮಧ್ಯಾಹ್ನದ ಹೊತ್ತಲ್ಲಿ ಒಂದೇ ವಿಡಿಯೊವನ್ನು ಬೆನ್ನುಬೆನ್ನಿಗೆ ನಾಲ್ಕು ಸಲ ಎಕ್ಸ್‌ಪೋರ್ಟ್ ಮಾಡಿ ನೋಡು, ಮೊದಲ ಸಲದ ಟೈಮ್ ಬಿಡು, ನಾಲ್ಕನೇ ಸಲದ್ದು ಬರೆದುಕೊ ಅಂತಲೂ ಹೇಳಿದ್ದೇನೆ.