ನಲ್ಲಿ ಓಡುತ್ತಿದೆ

ನಮ್ಮಕ್ಕನ ಮಗ ಐದನೇ ಕ್ಲಾಸು. ಹೋದ ತಿಂಗಳು ಅವನ ಇಂಗ್ಲಿಷ್ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ಕೆಲವು ವಾಕ್ಯ ಕೊಟ್ಟು ಕನ್ನಡದಲ್ಲಿ ಬರೆಯಿರಿ ಅಂದಿದ್ದರು. ಮೊದಲನೆಯದು "ದಿ ಡಾಗ್ ಈಸ್ ರನ್ನಿಂಗ್". ನಾಯಿ ಓಡುತ್ತಿದೆ ಅಂತ ಬರೆದಿದ್ದ. ಸರಿ. ಎರಡನೆಯದು "ದಿ ಟ್ಯಾಪ್ ಈಸ್ ರನ್ನಿಂಗ್". ನಲ್ಲಿ ಓಡುತ್ತಿದೆ. ಮೂರನೆಯದು "ಮೈ ಅಂಕಲ್ ರನ್ಸ್ ಎ ಶಾಪ್". ನನ್ನ ಮಾಮ ಅಂಗಡಿ ಓಡುತ್ತಾನೆ. ಇವೆರಡಕ್ಕೂ ಕೆಂಪು ಗೀಟು ಬಿದ್ದಿತ್ತು.

"ರನ್ ಅಂದ್ರೆ ಓಡು ಅಂತ ಹೇಳಿಕೊಟ್ಟಿದ್ದು ಅವರೇ ಅಲ್ವಾ ಮಾಮ?" ಅಂತ ಕೇಳಿದ. ಕೇಳಿದ್ದು ನ್ಯಾಯವಾಗಿಯೇ ಇತ್ತು. ಒಂದು ಪದಕ್ಕೆ ಒಂದು ಅರ್ಥ ಕೊಟ್ಟು ಕಳಿಸಿದರೆ ಮಗು ತಾನೇ ಏನು ಮಾಡೀತು? ಆವತ್ತಿನಿಂದ ಆ ಪುಟ್ಟ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ರನ್ ಸಾಮಾನ್ಯ ಪದವಲ್ಲ. ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಆಕ್ಸ್‌ಫರ್ಡಿನದು. ಅದರಲ್ಲಿ ರನ್ ಕ್ರಿಯಾಪದ ಒಂದಕ್ಕೇ 645 ಅರ್ಥಗಳಿವೆ. ಅತಿ ಉದ್ದದ ನಮೂದು ಅನ್ನುವ ಪಟ್ಟ ಮೊದಲು ಅದರದಾಗಿರಲಿಲ್ಲ. 1989ರಲ್ಲಿ 20 ಸಂಪುಟಗಳ ಎರಡನೇ ಆವೃತ್ತಿ ಬಂದಾಗ ಎಲ್ಲಕ್ಕಿಂತ ಉದ್ದದ ನಮೂದು "ಸೆಟ್" ಪದದ್ದು. ಸುಮಾರು 430 ಅರ್ಥ, ಅವನ್ನು ವಿವರಿಸೋಕೆ ಸುಮಾರು 60,000 ಪದ. ಒಂದು ಕಾದಂಬರಿಯಷ್ಟಾಯಿತು! 2000ದಿಂದ ಇಡೀ ನಿಘಂಟಿನ ಹೊಸದಾಗಿ ತಿದ್ದಿದ ನಮೂದುಗಳು ಒಂದೊಂದಾಗಿ ಹೊರಬರತೊಡಗಿದವು. ಮೊದಲು "ಮೇಕ್" ಮುಂದೆ ಹೋಯಿತು, ಆಮೇಲೆ "ಪುಟ್". 2011ರ ಹೊತ್ತಿಗೆ ಎಲ್ಲವನ್ನೂ ಹಿಂದೆ ಹಾಕಿದ್ದು ರನ್. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಇದೊಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತರು.

ಒಂಬತ್ತು ತಿಂಗಳು ಏನು ಮಾಡಿದರು? ಈ ಕೆಲಸದ ರೀತಿ ಗೊತ್ತಾದರೆ ಆ ಸಂಖ್ಯೆಗೆ ಜೀವ ಬರುತ್ತದೆ. ನಿಘಂಟುಕಾರ ಸುಮ್ಮನೆ ಕೂತು ಅರ್ಥ ಯೋಚಿಸುವುದಿಲ್ಲ. ಜನ ನಿಜವಾಗಿ ಬರೆದ ವಾಕ್ಯಗಳನ್ನು ರಾಶಿ ಹಾಕಿಕೊಳ್ಳುತ್ತಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಜೇಮ್ಸ್ ಮರ್ರೆ ಈ ನಿಘಂಟಿನ ಸಂಪಾದಕರಾಗಿದ್ದಾಗ ಸಾವಿರಾರು ಓದುಗರು ಹಳೆಯ ಪುಸ್ತಕ ಓದಿ, ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಆ ಚೀಟಿಗಳನ್ನು ಗುಡ್ಡೆ ಗುಡ್ಡೆ ಮಾಡಬೇಕು. ನಾಯಿ ಓಡಿದ್ದು ಒಂದು ಗುಡ್ಡೆ, ನೀರು ಹರಿದದ್ದು ಇನ್ನೊಂದು. ಯಾವ ಗುಡ್ಡೆಗೂ ಸೇರದ ಚೀಟಿ ಸಿಕ್ಕರೆ ಹೊಸ ಗುಡ್ಡೆ. 645 ಅಂದರೆ ಅಂಥ ಗುಡ್ಡೆಗಳ ಲೆಕ್ಕ. ಮನೆಯಲ್ಲಿ ಬೇಳೆಕಾಳು ಹಸನು ಮಾಡುವವರಿಗೆ ಈ ತಾಳ್ಮೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಹಾಗೆ ಶುರುವಾದ ನಿಘಂಟಿನ ಮೊದಲ ಕಂತು 1884ರಲ್ಲಿ ಅಚ್ಚಾಯಿತು, ಕೊನೆಯದು 1928ರಲ್ಲಿ. ಮರ್ರೆ ಅದನ್ನು ನೋಡಲಿಲ್ಲ. 1915ರಲ್ಲಿ ಅವರು ತೀರಿಕೊಂಡಾಗ ಕೆಲಸ ಇನ್ನೂ ಟಿ ಅಕ್ಷರದಲ್ಲಿತ್ತು.

ಹೀಗೆ ಒಂದೇ ಪದ, ಒಂದಕ್ಕೊಂದು ನಂಟಿರುವ ಹಲವು ಅರ್ಥಗಳನ್ನು ಹೊರುವುದಕ್ಕೆ ಫ್ರಾನ್ಸಿನ ಭಾಷಾವಿಜ್ಞಾನಿ ಮಿಶೆಲ್ ಬ್ರೆಯಾಲ್ 1897ರಲ್ಲಿ "ಪಾಲಿಸೆಮಿ" ಅಂತ ಹೆಸರಿಟ್ಟರು. ನಾವು ಬಹ್ವರ್ಥ ಅನ್ನಬಹುದು. ಇದರಲ್ಲಿ ನನಗೆ ಹಿಡಿಸಿದ್ದು ಆ "ನಂಟು". 645 ಅರ್ಥಗಳು ಎಲ್ಲಿಂದಲೋ ಉದುರಿದವಲ್ಲ. ಒಂದರಿಂದ ಒಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಟ್ಟುಕೊಂಡು ಬಂದವು.

ಮನುಷ್ಯ ಓಡುತ್ತಾನೆ. ಓಟದಲ್ಲಿ ವೇಗವಿದೆ, ತಡೆಯಿಲ್ಲದೆ ಸಾಗುವುದಿದೆ. ನೀರೂ ಹಾಗೆಯೇ ಸಾಗುತ್ತದೆ, ಆದ್ದರಿಂದ ನದಿ ರನ್ ಆಗುತ್ತದೆ. ನೀರಿನ ಹಾಗೆ ನೆಗಡಿ ಬಂದ ಮೂಗೂ ರನ್ ಆಗುತ್ತದೆ, ಒಗೆದ ಬಟ್ಟೆಯ ಬಣ್ಣವೂ ರನ್ ಆಗುತ್ತದೆ. ನಾವು ಮೂಗು ಸೋರುತ್ತೆ, ಬಣ್ಣ ಬಿಡುತ್ತೆ ಅನ್ನುತ್ತೇವೆ. ಇನ್ನೊಂದು ಕಡೆ, ತಡೆಯಿಲ್ಲದೆ ಸಾಗುವ ಗಡಿಯಾರ, ಗಿರಣಿ, ರೈಲು. ಯಂತ್ರಗಳ ಕಾಲ ಬಂದಾಗ ರನ್‌ಗೆ ಹೊಸ ಕೆಲಸ ಸಿಕ್ಕಿತು. ಕಂಪ್ಯೂಟರ್ ಬಂದಾಗ ಪ್ರೋಗ್ರಾಂ ಕೂಡ ರನ್ ಆಯಿತು. ಯಂತ್ರ ತಾನಾಗಿ ಓಡುವುದಾದರೆ ಅದನ್ನು ಓಡಿಸುವವನೊಬ್ಬ ಬೇಕಲ್ಲ? ಹಾಗಾಗಿ ಕಾರ್ಖಾನೆ ರನ್ ಮಾಡುವವನು, ಅಂಗಡಿ ರನ್ ಮಾಡುವವನು, ದೇಶ ರನ್ ಮಾಡುವವನು. ಯಾವ ಹೆಜ್ಜೆಯೂ ಉದ್ದದ ನೆಗೆತವಲ್ಲ. ಆದರೆ ಮೊದಲ ಹೆಜ್ಜೆಯಿಂದ ಕೊನೆಯದನ್ನು ನೇರವಾಗಿ ನೋಡಿದರೆ, ಐದನೇ ಕ್ಲಾಸಿನ ಹುಡುಗನಿಗೆ ಮಾಮ ಅಂಗಡಿ ಓಡುತ್ತಾನೆ ಅಂತಲೇ ಕಾಣುತ್ತದೆ.

ಕ್ರಿಕೆಟ್ಟಿನ ರನ್ ಕೂಡ ಈ ದಾರಿಯಲ್ಲಿ ಬಂದದ್ದೇ. ಇಬ್ಬರು ಬ್ಯಾಟರ್‌ಗಳು 22 ಗಜದ ಪಿಚ್ಚಿನ ಮೇಲೆ ನಿಜವಾಗಿ ಓಡಿದ್ದಕ್ಕೆ ಸಿಕ್ಕ ಹೆಸರು ಅದು. ಹಳೆಯ ಕಾಲದಲ್ಲಿ ಲೆಕ್ಕ ಇಡುವವರು ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು. ಆಮೇಲೆ ಬೌಂಡರಿ ಬಂತು, ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ರನ್. ನಾವಂತೂ "ರನ್ ಹೊಡೆದ" ಅನ್ನುತ್ತೇವೆ. ಈ ಹೊಡೆ ಅನ್ನೋದು ನಮ್ಮ ಹತ್ತಿರ ಇರುವ ಇನ್ನೊಂದು ಮಹಾ ದುಡಿಮೆಗಾರ. ಫೋನ್ ಹೊಡಿ, ಹರಟೆ ಹೊಡಿ, ಗೋಡೆಗೆ ಬಣ್ಣ ಹೊಡಿ, ಸೈಕಲ್‌ಗೆ ಗಾಳಿ ಹೊಡಿ, ಬೆಳೆಗೆ ಔಷಧಿ ಹೊಡಿ. ಗೊರಕೆಯನ್ನೂ ಹೊಡೆಯುತ್ತೇವೆ! ಇಂಗ್ಲಿಷಿನವನೊಬ್ಬ ಕನ್ನಡ ಕಲಿಯೋಕೆ ಬಂದು ಹೊಡೆ ಅಂದರೆ ಏಟು ಕೊಡು ಅಂತಷ್ಟೇ ತಿಳಿದುಕೊಂಡರೆ ಅವನ ನೋಟ್‌ಬುಕ್ಕಿನಲ್ಲೂ ಕೆಂಪು ಗೀಟೇ ಜಾಸ್ತಿ ಇರುತ್ತಿತ್ತು.

ಎಲ್ಲ ಭಾಷೆಯೂ ಇಂಥ ಹೆಜ್ಜೆ ಇಡುತ್ತದೆ, ಆದರೆ ಒಂದೇ ದಾರಿಯಲ್ಲಿ ಅಲ್ಲ. ಇಂಗ್ಲಿಷಿನವರು ಅಂಗಡಿಯನ್ನು ಓಡಿಸಿದರೆ ನಾವು ನಡೆಸುತ್ತೇವೆ. ಸಂಸಾರ ನಡೆಸುತ್ತೇವೆ, ಸರ್ಕಾರ ನಡೆಸುತ್ತೇವೆ, ಮದುವೆ ನಡೆಯುತ್ತದೆ, ಜಗಳವೂ ನಡೆಯುತ್ತದೆ. ಅವರ ಓಟ ಇರುವ ಕಡೆ ನಮ್ಮದು ನಡಿಗೆ. ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟನ್ನಿನವರು ನಿಲ್ಲುತ್ತಾರೆ. ನಾವೂ ನಿಲ್ಲುವವರೇ. ಕೆಲವು ಕಡೆ ಮಾತ್ರ ಇಬ್ಬರೂ ಒಂದೇ ಜಾಗದಲ್ಲಿ ಸಿಗುತ್ತೇವೆ. ಸಿನಿಮಾ ನೂರು ದಿನ ಓಡಿತು ಅನ್ನುತ್ತೇವಲ್ಲ, ಅಲ್ಲಿ ಇಂಗ್ಲಿಷಿನಲ್ಲೂ ರನ್ನೇ. ಬೆಳಗ್ಗೆ ಕಾಫಿ ಕುಡಿಯದಿದ್ದರೆ ತಲೆಯೇ ಓಡಲ್ಲ ಅನ್ನುವಾಗ ತಲೆಯೂ ಒಂದು ಯಂತ್ರ.

ಇದೆಲ್ಲ ಬರೀ ಮಾತಿನ ಅಲಂಕಾರವಾ, ಅಥವಾ ನಮ್ಮ ತಲೆಯೊಳಗೆ ನಿಜವಾಗಿ ಏನಾದರೂ ಓಡುತ್ತದಾ? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಂಗ್ಲಿಷಿನಲ್ಲಿ ರಸ್ತೆಯೂ ಕಣಿವೆಯೊಳಗೆ ರನ್ ಆಗುತ್ತದೆ. ನಾವೂ "ಈ ರಸ್ತೆ ಮೈಸೂರಿಗೆ ಹೋಗುತ್ತೆ" ಅನ್ನುತ್ತೇವೆ. ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಅಮೆರಿಕದ ವಿಜ್ಞಾನಿ ಟೀನೀ ಮ್ಯಾಟ್ಲಾಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಚಿಕ್ಕ ಕಥೆ ಓದಲು ಕೊಟ್ಟರು. ಒಂದು ಕಥೆಯಲ್ಲಿ ಮರುಭೂಮಿಯ ಪ್ರಯಾಣ ಬೇಗ ಮುಗಿಯುತ್ತದೆ. ಇನ್ನೊಂದರಲ್ಲಿ ನಿಧಾನ. ಆಮೇಲೆ ರಸ್ತೆ ಮರುಭೂಮಿಯನ್ನು ದಾಟಿ ಹೋಗುತ್ತದೆ ಅನ್ನುವಂಥ ವಾಕ್ಯ ಬರುತ್ತದೆ. ನಿಧಾನದ ಕಥೆ ಓದಿದವರು ಆ ವಾಕ್ಯವನ್ನು ಅರ್ಥಮಾಡಿಕೊಳ್ಳಲೂ ಜಾಸ್ತಿ ಹೊತ್ತು ತೆಗೆದುಕೊಂಡರು. ರಸ್ತೆ ಮರುಭೂಮಿಯಲ್ಲಿದೆ ಅಂತ ಬರೆದರೆ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ರಸ್ತೆ "ಹೋಗುತ್ತದೆ" ಅಂತ ಓದಿದಾಗ ನಾವೂ ಮನಸ್ಸಿನೊಳಗೆ ಆ ರಸ್ತೆಯ ಮೇಲೆ ಒಂದು ಸುತ್ತು ಹೋಗಿ ಬರುತ್ತೇವೆ. ಇದನ್ನು ಓದಿದ ಮೇಲೆ ಬಸ್ ಸ್ಟಾಪಿನಲ್ಲಿ ಯಾರಾದರೂ "ಈ ದಾರಿ ಎಲ್ಲಿಗೆ ಹೋಗುತ್ತೆ" ಅಂತ ಕೇಳಿದರೆ ನನಗೆ ಆ ಪ್ರಯೋಗವೇ ನೆನಪಾಗುತ್ತದೆ.

ಇಷ್ಟೊಂದು ಅರ್ಥ ಇದ್ದರೂ ಮಾತಾಡುವಾಗ ನಾವು ತಡವರಿಸುವುದಿಲ್ಲ. ಅದು ಹೇಗೆ ಅಂತ 1979ರಲ್ಲಿ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ ಒಂದು ಸೊಗಸಾದ ಪ್ರಯೋಗದಲ್ಲಿ ತೋರಿಸಿದರು. ಅವರು ಆರಿಸಿಕೊಂಡ ಪದಗಳಲ್ಲಿ ಒಂದು "ಬಗ್". ಹುಳ ಅಂತಲೂ ಅರ್ಥ, ಕದ್ದು ಕೇಳುವ ಪುಟ್ಟ ಮೈಕ್ ಅಂತಲೂ ಅರ್ಥ. ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆ, ಬೇರೆ ಬಗ್‌ಗಳು ಸಿಕ್ಕವು ಅನ್ನುವ ವಾಕ್ಯ ಕಿವಿಗೆ ಬೀಳುತ್ತಿರುತ್ತದೆ. ಬಗ್ ಪದ ಮುಗಿದ ಕೂಡಲೇ ಪರದೆ ಮೇಲೆ ಒಂದು ಪದ ಮಿಂಚುತ್ತದೆ. ಅದು ಇರುವೆ ಆಗಿರಬಹುದು, ಗೂಢಚಾರ ಆಗಿರಬಹುದು, ಹೊಲಿ ಆಗಿರಬಹುದು. ಅದು ನಿಜವಾದ ಪದವೋ ಅಲ್ಲವೋ ಅಂತ ಗುಂಡಿ ಒತ್ತಿ ಹೇಳಬೇಕು. ಜೇಡ ಜಿರಲೆಯ ಮಾತು ನಡೆದಿದ್ದರೂ ಇರುವೆ, ಗೂಢಚಾರ ಎರಡನ್ನೂ ಜನ ಬೇಗ ಗುರುತಿಸಿದರು. ಹೊಲಿ ಮಾತ್ರ ನಿಧಾನವಾಯಿತು. ಎರಡು ಅರ್ಥವೂ ಒಟ್ಟಿಗೇ ಎದ್ದು ನಿಂತಿದ್ದವು ಅಂತಾಯಿತು. ಇನ್ನು ಬರೀ ಮೂರು ಅಕ್ಷರ ಮುಂದೆ ಹೋಗಿ ನೋಡಿದರೆ ಗೂಢಚಾರ ಮಾಯ, ಇರುವೆ ಒಂದೇ ಉಳಿದಿತ್ತು. ನಮಗೆ ಇದರ ಸುಳಿವೂ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಒಂದೇ ಥರ ಕೇಳಿಸುವ ಪದಗಳೆಲ್ಲ ಒಂದೇ ಪದವಲ್ಲ. ನದಿಯ ದಡಕ್ಕೂ ದುಡ್ಡಿನ ಬ್ಯಾಂಕಿಗೂ ಇಂಗ್ಲಿಷಿನಲ್ಲಿ ಒಂದೇ ಪದ, ಆದರೆ ಈಗ ಅವೆರಡಕ್ಕೂ ನಂಟೇ ಕಾಣುವುದಿಲ್ಲ. 2002ರಲ್ಲಿ ಮನೋವಿಜ್ಞಾನಿ ಜೆನ್ನಿಫರ್ ರಾಡ್ ಮತ್ತು ಜೊತೆಗಾರರು ಎರಡು ಬಗೆಯನ್ನೂ ಬೇರ್ಪಡಿಸಿ ಅಳೆದರು. ನಂಟಿಲ್ಲದ ಅರ್ಥಗಳಿರುವ ಪದ ಗುರುತಿಸಲು ಜನ ತಡ ಮಾಡಿದರು. ನಂಟಿರುವ ಅರ್ಥಗಳು ಜಾಸ್ತಿ ಇದ್ದಷ್ಟೂ ಬೇಗ ಗುರುತಿಸಿದರು. ಅಪರಿಚಿತರು ಒಂದೇ ಕೋಣೆಯಲ್ಲಿದ್ದರೆ ತಳ್ಳಾಟ, ಒಂದೇ ಮನೆಯವರಾದರೆ ಒಬ್ಬರಿಗೊಬ್ಬರು ಆಸರೆ. ರನ್‌ನ 645 ಅರ್ಥ ಮನೆಮಂದಿಯ ಹಾಗೆ.

ಅರ್ಥಗಳು ಹೀಗೆ ಯಾಕೆ ಕೆಲವೇ ಪದಗಳ ಮೇಲೆ ಬಂದು ಕೂರುತ್ತವೆ? ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಕಿಂಗ್‌ಸ್ಲಿ ಜಿಫ್ 1945ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಪದದ ಬಳಕೆ ನಾಲ್ಕು ಪಟ್ಟಾದರೆ ಅದರ ಅರ್ಥಗಳು ಸುಮಾರು ಎರಡು ಪಟ್ಟಾಗುತ್ತವೆ. ಚಿಕ್ಕದು, ನಾಲಿಗೆಗೆ ಸುಲಭ, ದಿನಾ ಬೇಕಾಗುವುದು. ಅಂಥ ಪದವನ್ನೇ ಮತ್ತೆ ಮತ್ತೆ ಕೆಲಸಕ್ಕೆ ಹಚ್ಚುತ್ತೇವೆ. ಗೊಂದಲವನ್ನು ಸುತ್ತಲಿನ ಮಾತು ಬಿಡಿಸುತ್ತದೆ ಅಂತ ನಮಗೆ ಒಳಗೊಳಗೇ ನಂಬಿಕೆ ಇದೆ. ಪ್ರತಿ ಅರ್ಥಕ್ಕೂ ಒಂದೊಂದು ಬೇರೆ ಪದ ಬೇಕಿದ್ದರೆ ನೆನಪಿಟ್ಟುಕೊಳ್ಳುವುದೇ ಒಂದು ಜೀವಮಾನದ ಕೆಲಸವಾಗುತ್ತಿತ್ತು.

ಯಂತ್ರಗಳಿಗೆ ಈ ನಂಬಿಕೆ ಕಲಿಸೋದು ಕಷ್ಟವಾಯಿತು. 1949ರಲ್ಲಿ ಅಮೆರಿಕದ ಗಣಿತಜ್ಞ ವಾರನ್ ವೀವರ್ ಯಂತ್ರಾನುವಾದದ ಬಗ್ಗೆ ಬರೆಯುತ್ತಾ ಒಂದು ಚಿತ್ರ ಕೊಟ್ಟರು. ರಟ್ಟಿನಲ್ಲಿ ಒಂದೇ ಪದ ಕಾಣುವಷ್ಟು ತೂತು ಮಾಡಿ ಪುಟದ ಮೇಲಿಡಿ. ಆ ಪದದ ಅರ್ಥ ಹೇಳೋಕಾಗಲ್ಲ. ತೂತು ದೊಡ್ಡದು ಮಾಡಿ ಆಚೀಚೆಯ ಪದಗಳೂ ಕಾಣಲಿ. ಆಗ ಅರ್ಥ ಹೊಳೆಯುತ್ತದೆ. 1960ರಲ್ಲಿ ಭಾಷಾವಿಜ್ಞಾನಿ ಯೆಹೋಶುವಾ ಬಾರ್-ಹಿಲೆಲ್ ಅದಕ್ಕೊಂದು ಅಡ್ಡಿ ಹಾಕಿದರು. ಪುಟ್ಟ ಜಾನ್ ಆಟದ ಸಾಮಾನಿನ ಪೆಟ್ಟಿಗೆ ಹುಡುಕುತ್ತಿದ್ದ, ಕೊನೆಗೆ ಸಿಕ್ಕಿತು, ಪೆಟ್ಟಿಗೆ ಪೆನ್ನಿನಲ್ಲಿತ್ತು. ಪೆನ್ ಅಂದರೆ ಇಲ್ಲಿ ಮಗು ಆಡಲಿ ಅಂತ ಕಟ್ಟಿದ ಕಟಕಟೆ. ಪೆಟ್ಟಿಗೆ ಬರೆಯುವ ಪೆನ್ನಿಗಿಂತ ದೊಡ್ಡದು ಅಂತ ಗೊತ್ತಿಲ್ಲದವರು ಅಕ್ಕಪಕ್ಕದ ಪದ ಎಷ್ಟು ನೋಡಿದರೂ ತಪ್ಪುತ್ತಾರೆ. ಇವತ್ತಿನ ಭಾಷಾ ಮಾದರಿಗಳು, ಅಂದರೆ ಚಾಟ್‌ಜಿಪಿಟಿಯಂಥ ಪ್ರೋಗ್ರಾಂಗಳು, ವೀವರ್ ಹೇಳಿದ ತೂತನ್ನೇ ಪುಟಗಟ್ಟಲೆ ಅಗಲ ಮಾಡಿಕೊಂಡಿವೆ. ಒಂದೇ ರನ್‌ಗೆ ಪ್ರತಿ ವಾಕ್ಯದಲ್ಲೂ ಹೊಸದಾಗಿ ಬೆಲೆ ಕಟ್ಟುತ್ತವೆ.

ಇನ್ನು ಆ ಕೆಂಪು ಗೀಟಿಗೆ ಬರುತ್ತೇನೆ. ರನ್‌ನ ಬೇರು ಹುಡುಕಿಕೊಂಡು ಹೋದರೆ ಜರ್ಮನ್ ನೆಂಟರು ಸಿಗುತ್ತಾರೆ. "ರೆನ್ನೆನ್" ಅಂದರೆ ಓಡು, "ರಿನ್ನೆನ್" ಅಂದರೆ ನೀರು ಹರಿ, ಜಿನುಗು. ಓಟವೂ ಹರಿವೂ ಹುಟ್ಟಿನಿಂದಲೇ ಜೊತೆಯಲ್ಲಿದ್ದವು. ಕನ್ನಡದಲ್ಲಿ ಅವೆರಡೂ ಬೇರೆ ಅಂದುಕೊಂಡಿದ್ದೆ. ಆಮೇಲೆ ದಿನಪತ್ರಿಕೆಯಲ್ಲಿ "ಲಾರಿ ಹರಿದು ಬೈಕ್ ಸವಾರ ಸಾವು" ಅನ್ನುವ ತಲೆಬರಹ ಕಣ್ಣಿಗೆ ಬಿತ್ತು. ಲಾರಿ ಹೇಗೆ ಹರಿಯುತ್ತದೆ? ಇಂಗ್ಲಿಷಿನಲ್ಲಿ ಅದೇ "ರನ್ ಓವರ್" ಅಲ್ವಾ! ಹಾವು ಕಾಲ ಮೇಲೆ ಹರಿದುಹೋಗುತ್ತದೆ, ಜಾತ್ರೆಗೆ ಜನ ಹರಿದು ಬರುತ್ತಾರೆ, ಸುದ್ದಿ ಹರಿದಾಡುತ್ತದೆ, ಬೆಳಕು ಹರಿಯುತ್ತದೆ. ಆಗದ ಕೆಲಸಕ್ಕೆ ನನ್ನ ಕೈಲಿ ಹರಿಯಲ್ಲ ಅನ್ನುತ್ತೇವೆ.

ಬಟ್ಟೆ ಹರಿಯುವುದು ಬೇರೆ ಮನೆತನದ ಪದ, ಅದನ್ನು ಬದಿಗಿಡೋಣ. ಓಟದ, ಹರಿವಿನ ಅರ್ಥದ ಹರಿಗೆ ಹಿರಿಯ ಹಳಗನ್ನಡದ "ಪರಿ". ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ ಪರಿ ಹರಿಯಾಯಿತು. ಆ ಪರಿಗೆ ಎರಡು ಅರ್ಥ ಇತ್ತು, ಹರಿ ಮತ್ತು ಓಡು. ಹಳಗನ್ನಡದಲ್ಲಿ ಹೊಳೆಯೂ ಪರಿಯುತ್ತಿತ್ತು, ಕುದುರೆಯೂ ಪರಿಯುತ್ತಿತ್ತು. ಇದನ್ನು ಹೇಳಿದಾಗ ಅಕ್ಕನ ಮಗ ನೋಟ್‌ಬುಕ್ ತಂದು, ಕೆಂಪು ಗೀಟಿನ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಂಡ: ನಲ್ಲಿ ನೀರು ಪರಿಯುತ್ತಿದೆ. ನಾಯಿ ಪರಿಯುತ್ತಿದೆ.