ಅವನೋ, ಅವಳೋ, ಅವರೋ: ಸಹಪಾಠಿಯನ್ನು ಏನೆಂದು ಕರೆಯಬೇಕು?

ಪ್ರಶ್ನೆ: ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಸಹಪಾಠಿಯೊಬ್ಬರು ಈಚೆಗೆ ಸೇರಿದ್ದಾರೆ. ಶಾಲೆಯಲ್ಲಿ ಹುಡುಗರ ಬೆಂಚಿನಲ್ಲಿ ಕುಳಿತಿದ್ದವರು. ಈಗ ತಾನು ಹೆಣ್ಣು ಎಂದು ಗುಂಪಿಗೆ ತಿಳಿಸಿ, ಹೊಸ ಹೆಸರನ್ನೂ ಹೇಳಿದ್ದಾರೆ. ಕೆಲವರು ಹಟ ಹಿಡಿದು ‘ಅವನು’ ಎಂದೇ ಬರೆಯುತ್ತಾರೆ, ಕೆಲವರು ನಗುವ ಚಿತ್ರ ಹಾಕುತ್ತಾರೆ. ‘ಅವರು’ ಎಂದುಬಿಟ್ಟರೆ ಯಾರಿಗೂ ತಕರಾರು ಇರುವುದಿಲ್ಲ ಅಲ್ಲವೇ? ನನಗೂ ಈ ವಿಷಯ ಪೂರ್ತಿ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ಒಪ್ಪುವುದು ಹೇಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಕೊನೆಯ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅರ್ಥವಾಗುವ ತನಕ ಕಾಯಬೇಕಾದ ಅಗತ್ಯವೇ ಇಲ್ಲ. ತನ್ನ ಹೆಸರು ಇಂಥದು, ತಾನು ಹೆಣ್ಣು ಎಂದು ಅವಳು ಹೇಳಿದ್ದಾಳೆ. ಆ ಹೆಸರಿನಿಂದ ಕರೆಯುವುದಕ್ಕೆ, ‘ಅವಳು’ ಎನ್ನುವುದಕ್ಕೆ ಅಷ್ಟು ಸಾಕು. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಸೋಜಿಗ. ಫಲಕ ಬರೆಯುವವರು ಮಂಜೇಶ್ವರದ ಬಾಲಕ್ಕೆ ಒಂದು ಸೊನ್ನೆ ಅಂಟಿಸಿ ‘ಮಂಜೇಶ್ವರಂ’ ಮಾಡಿದರೆ ನಾವು ಸುಮ್ಮನಿರುವುದಿಲ್ಲ; ಪತ್ರಿಕೆಗೆ ಬರೆಯುತ್ತೇವೆ, ಕಚೇರಿಗೆ ಮನವಿ ಹೊತ್ತು ಹೋಗುತ್ತೇವೆ. ಊರಿನ ಹೆಸರನ್ನು ಊರಿನವರು ಹೇಳಿದಂತೆ ಬರೆಯಿರಿ ಎಂದು ನಾವು ಕೇಳುವುದಕ್ಕಿಂತ ಹೆಚ್ಚಿನದೇನನ್ನೂ ನಿಮ್ಮ ಸಹಪಾಠಿ ಕೇಳಿಲ್ಲ.

ಇನ್ನು ‘ಅವರು’. ಇದು ಕನ್ನಡದ ದೊಡ್ಡ ಅನುಕೂಲ ಎಂಬುದು ನಿಜ. ಮಲಯಾಳದಲ್ಲಿ ‘ವನ್ನು’ ಎಂದರೆ ಮುಗಿಯಿತು, ಬಂದವರು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಬಾಯಿಬಿಡುವುದಿಲ್ಲ. ನಮಗೆ ಬಂದನು, ಬಂದಳು, ಬಂದರು ಎಂದು ಪ್ರತಿ ವಾಕ್ಯದ ಕೊನೆಯಲ್ಲೂ ತೀರ್ಮಾನ ಮಾಡಬೇಕು. ತುಳುವಿನಲ್ಲೂ ಬತ್ತೆ, ಬತ್ತಳ್, ಬತ್ತೆರ್ ಎಂದು ಹಾಗೆಯೇ. ಗೊತ್ತಿಲ್ಲದವರ ಬಗ್ಗೆ, ಹಿರಿಯರ ಬಗ್ಗೆ, ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರ ಬಗ್ಗೆ ‘ಅವರು ಬಂದರು’ ಎಂದರೆ ಎಲ್ಲವೂ ಸರಿ.

ಆದರೆ ನಿಮ್ಮ ಗುಂಪನ್ನು ಒಮ್ಮೆ ನೋಡಿ. ಉಳಿದ ಹೆಣ್ಣುಮಕ್ಕಳ ಬಗ್ಗೆ ಏನು ಬರೆಯುತ್ತೀರಿ? ‘ಅವಳ ಮಗಳ ಮದುವೆಯಂತೆ’, ‘ಅವಳು ನೀರ್ಚಾಲಿನಲ್ಲಿ ಮನೆ ಕಟ್ಟಿಸಿದಳಂತೆ’. ವರ್ಷಗಟ್ಟಲೆ ಒಂದೇ ಶಾಲೆಯ ಬೆಂಚು ಸವೆಸಿದವರ ನಡುವೆ ಏಕವಚನವೇ ಸಲಿಗೆ, ಏಕವಚನವೇ ಪ್ರೀತಿ. ಅಂಥಲ್ಲಿ ಇವಳೊಬ್ಬಳಿಗೆ ಮಾತ್ರ ‘ಅವರು ಬರೆದಿದ್ದಾರೆ, ಅವರು ಕೇಳುತ್ತಿದ್ದಾರೆ’ ಎಂದರೆ ಅದು ಗೌರವದಂತೆ ಕೇಳಿಸುವುದಿಲ್ಲ. ಪಂಕ್ತಿಯಲ್ಲಿ ಒಬ್ಬರ ಎಲೆಯನ್ನು ಮಾತ್ರ ದೂರ ಹಾಕಿದ ಹಾಗಾಗುತ್ತದೆ. ತಪ್ಪಾದೀತೆಂಬ ಅಂಜಿಕೆಯಿಂದ ಒಂದು ವಾರ ‘ಅವರು’ ಎಂದರೆ ಯಾರೂ ಬೇಸರಿಸಲಾರರು. ಅದನ್ನೇ ಕಾಯಂ ಮಾಡಿಕೊಂಡರೆ, ‘ಅವಳು’ ಎನ್ನಲು ನಾಲಗೆ ಒಪ್ಪುತ್ತಿಲ್ಲ ಎಂಬುದನ್ನು ಬಹುವಚನದ ಹಿಂದೆ ಅಡಗಿಸಿದಂತಾಗುತ್ತದೆ. ಎಲ್ಲರಿಗೂ ಬಹುವಚನವಾದರೆ ಇವಳಿಗೂ ಬಹುವಚನ, ಎಲ್ಲರಿಗೂ ಏಕವಚನವಾದರೆ ಇವಳಿಗೂ ಏಕವಚನ. ನನ್ನ ಉತ್ತರದ ತಿರುಳು ಇಷ್ಟೇ.

‘ಅದು’ ಎಂಬುದರ ಬಗ್ಗೆಯೂ ಒಂದು ಮಾತು. ನಮ್ಮ ಸೀಮೆಯ ಹವ್ಯಕರ ಮನೆಗಳಲ್ಲಿ ‘ಅಕ್ಕ ಬಂತು, ಅದು ಉಂಡತ್ತು’ ಎಂಬ ಧಾಟಿಯ ಮಾತು ದಿನನಿತ್ಯದ್ದು. ಹೆಂಗಸರಿಗೆ ನಪುಂಸಕಲಿಂಗ ಬಳಸುವುದು ಆ ಉಪಭಾಷೆಯ ರೂಢಿ, ಅದರಲ್ಲಿ ತಾತ್ಸಾರವಿಲ್ಲ. ಆದರೆ ಎಲ್ಲ ಸಮುದಾಯದವರೂ ಓದುವ ಗುಂಪಿನಲ್ಲಿ ಉಳಿದವರನ್ನೆಲ್ಲ ಅವನು, ಅವಳು ಎಂದು ಇವಳೊಬ್ಬಳನ್ನು ‘ಅದು’ ಎಂದವರು ನಂತರ ಮನೆಮಾತಿನ ನೆಪ ಹೇಳಿದರೆ ನಂಬಬೇಡಿ. ಬರೆದವರಿಗೂ ಗೊತ್ತು, ಓದಿದವಳಿಗೂ ಗೊತ್ತು.

ಓದಿದವಳಿಗೆ ಎಂದೆ. ಜಗಲಿಯ ಹರಟೆಗೂ ಫೋನಿನ ಗುಂಪಿಗೂ ಇರುವ ವ್ಯತ್ಯಾಸ ಅದೇ. ಎದುರಿಗಿದ್ದಾಗ ‘ನೀನು’ ಎಂದರೆ ಸಾಕು, ಅದಕ್ಕೆ ಲಿಂಗವಿಲ್ಲ. ಅವನು–ಅವಳು ಬರುವುದು ಇಬ್ಬರು ಸೇರಿ ಮೂರನೆಯವರ ಬಗ್ಗೆ ಆಡುವಾಗ. ಜಗಲಿಯಲ್ಲಿ ಆ ಮೂರನೆಯವರು ಇರುವುದಿಲ್ಲ. ಗುಂಪಿನಲ್ಲಿ ಇರುತ್ತಾರೆ, ಪ್ರತಿ ಸಾಲನ್ನೂ ಓದುತ್ತಿರುತ್ತಾರೆ.

ಈಗ ನಿಮ್ಮ ಫೋನನ್ನು ತೆರೆಯಿರಿ. ಅವಳ ನಂಬರನ್ನು ಹಿಂದೆಂದೋ ಹಳೆಯ ಹೆಸರಿನಲ್ಲಿ ಉಳಿಸಿಕೊಂಡಿದ್ದರೆ ಗುಂಪಿನಲ್ಲಿ ನಿಮಗೆ ಕಾಣಿಸುವುದು ಅದೇ ಹೆಸರು. ಅವಳು ತನ್ನ ಫೋನಿನಲ್ಲಿ ಎಷ್ಟು ಬದಲಿಸಿದರೂ ನಿಮ್ಮ ಪರದೆಯಲ್ಲಿ ಬದಲಾಗುವುದಿಲ್ಲ. ನಾಲಗೆ ತಪ್ಪುವುದಕ್ಕೆ ಅರ್ಧ ಕಾರಣ ಇಲ್ಲೇ ಇದೆ. ಇನ್ನೂ ಕೆಟ್ಟದ್ದೆಂದರೆ, ಯಾರೋ ನಂಬರು ಕೇಳಿದರೆಂದು ನೀವು ಆ ಸಂಪರ್ಕವನ್ನು ಹಾಗೆಯೇ ಕಳುಹಿಸಿದಾಗ ಹಳೆಯ ಹೆಸರೂ ಜೊತೆಗೆ ಹೋಗುತ್ತದೆ. ಪರದೆಯ ಚಿತ್ರ ತೆಗೆದು ಹಂಚಿದರೂ ಅದೇ ಕಥೆ. ಹೆಸರು ತಿದ್ದಲು ಅರ್ಧ ನಿಮಿಷ ಬೇಕು. ಗುಂಪಿನಲ್ಲಿ ಉದ್ದುದ್ದ ಬೆಂಬಲದ ಭಾಷಣ ಬರೆಯುವುದಕ್ಕಿಂತ ಮೊದಲು ಅದನ್ನು ಮಾಡಿ.

ಇದರಲ್ಲಿ ಸೂಕ್ಷ್ಮವೊಂದಿದೆ. ಅವಳು ನಿಮ್ಮ ತರಗತಿಯ ಗುಂಪಿಗೆ ಹೇಳಿರಬಹುದು, ಮನೆಯವರಿಗೆ ಇನ್ನೂ ಹೇಳದೆಯೂ ಇರಬಹುದು. ನಮ್ಮ ಜಿಲ್ಲೆಯಲ್ಲಿ ಗಲ್ಫಿನಲ್ಲಿ ಯಾರಾದರೊಬ್ಬರು ಇರುವ ಮನೆಗಳು ಬಹಳ. ಉಪ್ಪಳದಲ್ಲಿ ಬಿದ್ದ ಮಾತು ದುಬೈ ಸುತ್ತಿ ಅವಳ ತಾಯಿಯ ಫೋನಿಗೆ ಬರಲು ಮಧ್ಯಾಹ್ನದ ಊಟ ಮುಗಿಯುವಷ್ಟು ಹೊತ್ತೂ ಬೇಡ. ಆದ್ದರಿಂದ ಒಂದು ಖಾಸಗಿ ಸಂದೇಶ ಕಳುಹಿಸಿ ಕೇಳಿ: ‘ಈ ಹೆಸರನ್ನು ಎಲ್ಲ ಕಡೆ ಹೇಳಬಹುದೋ, ಈ ಗುಂಪಿನಲ್ಲಿ ಮಾತ್ರವೋ?’ ಅವಳು ಹೇಳಿದಂತೆ ನಡೆಯಿರಿ. ಹತ್ತನೆಯ ತರಗತಿಯ ಗುಂಪು ಚಿತ್ರವನ್ನು ಹಳೆಯ ಹೆಸರುಗಳ ಪಟ್ಟಿಯೊಂದಿಗೆ ಹಾಕುವ ಮೊದಲೂ ಅವಳನ್ನು ಕೇಳಿ. ಶಸ್ತ್ರಚಿಕಿತ್ಸೆ ಆಗಿದೆಯೋ ಎಂದು ಮಾತ್ರ ಕೇಳಬೇಡಿ. ನಿಮ್ಮ ಗುಂಪಿನಲ್ಲಿ ಬೇರೆ ಯಾರ ಶರೀರದ ವಿಚಾರಣೆಯೂ ನಡೆದಿಲ್ಲವಷ್ಟೆ.

ಯಾರಾದರೊಬ್ಬರು ‘ಇದೇನು ಹೊಸತು, ಯಕ್ಷಗಾನದಲ್ಲಿ ಸ್ತ್ರೀವೇಷ ಇಲ್ಲವೇ?’ ಎಂದು ಹೇಳಿಯೇ ಹೇಳುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹಾಗೆ ಹೇಳದಿದ್ದರೇ ಆಶ್ಚರ್ಯ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಮಾತು ತಪ್ಪು. ದ್ರೌಪದಿಯಾಗಿ ರಂಗದಲ್ಲಿ ಅತ್ತ ಕಲಾವಿದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದು ಬಣ್ಣ ತೆಗೆದು ತನ್ನ ಹೆಸರಿಗೆ ಮರಳುತ್ತಾನೆ. ಪ್ರೇಕ್ಷಕರಿಗೂ ಅದು ವೇಷವೆಂದು ಗೊತ್ತು. ನಿಮ್ಮ ಸಹಪಾಠಿಯದು ವೇಷವಲ್ಲ; ಅವಳ ಮಾತನ್ನೇ ನಂಬುವುದಾದರೆ, ಹುಡುಗರ ಬೆಂಚಿನಲ್ಲಿ ಕುಳಿತಿದ್ದ ಆ ವರ್ಷಗಳೇ ವೇಷ. ‘ಮಂಗಳಮುಖಿ’ ಎಂದು ಹಣೆಪಟ್ಟಿ ಹಚ್ಚುವುದೂ ಬೇಡ. ಆ ಪದವನ್ನು ತಮಗೆ ಒಪ್ಪಿಕೊಂಡವರಿದ್ದಾರೆ, ಒಪ್ಪದವರೂ ಇದ್ದಾರೆ. ಹೆಣ್ಣೆಂದು ಬೆಳೆಸಲ್ಪಟ್ಟು ತಾನು ಗಂಡು ಎಂದು ಕಂಡುಕೊಂಡವರಿಗಂತೂ ಅದು ಯಾವ ದಿಕ್ಕಿನಿಂದಲೂ ಹೊಂದುವುದಿಲ್ಲ.

ಕಾನೂನಿನ ಸಂಗತಿ ಕೇಳುವವರಿಗೆ ಇಷ್ಟು ಹೇಳಬಹುದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು; ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇಬೇಕೆಂದು ಹಟ ಹಿಡಿಯುವುದು ಅನೈತಿಕ, ಕಾನೂನುಬಾಹಿರ ಎಂದೂ ಹೇಳಿತು. ಮರುವರ್ಷ, 2015ರಲ್ಲಿ, ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿ ರೂಪಿಸಿದ ಮೊದಲ ರಾಜ್ಯ ನಾವು ತೆರಿಗೆ ಕಟ್ಟುವ ಈ ಕೇರಳವೇ. ಗಡಿಯಾಚೆ ಕರ್ನಾಟಕದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರನ್ನು ಮಂಜಮ್ಮ ಎನ್ನಲು ನಾಡಿಗೆ ಯಾವ ವ್ಯಾಕರಣವೂ ಅಡ್ಡ ಬರಲಿಲ್ಲ. ಆದರೆ ಗೆಳತಿಯನ್ನು ಹೆಸರು ಹಿಡಿದು ಕರೆಯಲು ತೀರ್ಪಿನ ಪ್ರತಿ ಹುಡುಕುವವರಿಗೆ ನಾನು ಹೆಚ್ಚು ಸಹಾಯ ಮಾಡಲಾರೆ.

ತಪ್ಪಿದರೆ? ತಪ್ಪುತ್ತದೆ, ಹಳೆಯ ಅಭ್ಯಾಸ. ‘ಅವಳು’ ಎಂದು ತಿದ್ದಿ ಮುಂದಿನ ಮಾತಿಗೆ ಹೋಗಿ. ಹತ್ತು ಸಾಲು ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸವೂ ಅವಳ ತಲೆಗೇ ಬರುತ್ತದೆ.

ನಗುವ ಚಿತ್ರ ಹಾಕುವವರನ್ನು ಗುಂಪಿನ ಅಡ್ಮಿನ್ ನೋಡಿಕೊಳ್ಳಬೇಕು. ಮೊದಲ ಬಾರಿ ಖಾಸಗಿಯಾಗಿ ಹೇಳಲಿ, ಎರಡನೆಯ ಬಾರಿ ಸಂದೇಶ ಅಳಿಸಲಿ, ಮೂರನೆಯ ಬಾರಿಗೆ ಆ ನಂಬರನ್ನು ಹೊರಗೆ ಕಳುಹಿಸಲಿ. ವಾದಕ್ಕೆ ಅವಳನ್ನೇ ಎಳೆಯಬೇಡಿ. ಹಳೆ ವಿದ್ಯಾರ್ಥಿಗಳ ಗುಂಪೆಂದ ಮೇಲೆ ನಿವೃತ್ತ ಮೇಷ್ಟ್ರೊಬ್ಬರೂ ಇರುತ್ತಾರೆ, ಹಾಜರಿ ಪುಸ್ತಕದ ಹೆಸರನ್ನೇ ಕರೆಯುತ್ತಾರೆ. ಅವರನ್ನು ಎಲ್ಲರೆದುರು ತಿದ್ದಲು ಹೋಗಬೇಡಿ. ಅವರಿಗೆ ಬೇಕಾದ ಶಿಷ್ಯರೊಬ್ಬರು ಫೋನು ಮಾಡಿ ‘ಸರ್, ಅವಳ ಹೆಸರು ಈಗ ಇಂಥದು’ ಎಂದರೆ ಸಾಕು. ನೂರಾರು ಮಕ್ಕಳ ಹೆಸರು ಕಲಿತವರಿಗೆ ಇನ್ನೊಂದು ಕಲಿಯುವುದು ಕಷ್ಟವಾಗಲಾರದು.